ಸೊರಟೂರದಂಥ ಊರಿನಲ್ಲಿ ವಿದ್ಯುತ್ ಕಾರು: ಬಳಕೆಯ ತೊಡಕುಗಳ ಪರಿಶೀಲನೆ

2001ರಲ್ಲಿ ಬೆಂಗಳೂರಿನ ರೇವಾ ವಿದ್ಯುತ್ ಕಾರು ರಸ್ತೆಗಿಳಿಯಿತು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು ರೂಪಿಸಿದ ರಾಜ್ಯವೂ ಕರ್ನಾಟಕವೇ. ಆದರೆ ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಬಹುಪಾಲು ಬೆಂಗಳೂರಿನಲ್ಲಿವೆ. ಗದಗ ಸೀಮೆಯ ಸೊರಟೂರದಂಥ ಊರಿನ ಕುಟುಂಬವು ಪೆಟ್ರೋಲ್ ಕಾರಿನ ಬದಲು ವಿದ್ಯುತ್ ಕಾರು ಕೊಂಡರೆ ಎದುರಾಗುವ ತೊಡಕುಗಳನ್ನು ಈ ಲೇಖನ ಮೂರು ನೆಲೆಗಳಲ್ಲಿ ಪರಿಶೀಲಿಸುತ್ತದೆ.

1. ಖರ್ಚು

ಓಡಾಟದ ಖರ್ಚಿನಲ್ಲಿ ವಿದ್ಯುತ್ ಕಾರಿನದೇ ಮೇಲುಗೈ. ಆದರೆ ಹಳ್ಳಿಯ ಕಾರು ದಿನವೂ ಓಡುವುದಿಲ್ಲ. ಸಂತೆ, ಮದುವೆ, ಆಸ್ಪತ್ರೆ ಎಂದಾಗ ಹೊರಡುತ್ತದೆ. ತಿಂಗಳಿಗೆ 400 ಕಿ.ಮೀ. ಓಡಾಟ, ಲೀಟರಿಗೆ 18 ಕಿ.ಮೀ., ಪೆಟ್ರೋಲ್ ದರ 103 ರೂ. ಎಂದಿಟ್ಟುಕೊಂಡರೆ ಖರ್ಚು ಸುಮಾರು 2,290 ರೂ. ಅಷ್ಟೇ ದೂರಕ್ಕೆ, ಚಾರ್ಜಿಂಗ್ ನಷ್ಟವೂ ಸೇರಿ, 56 ಯೂನಿಟ್ ಸಾಕು, 5.80 ರೂ. ದರದಲ್ಲಿ ಸುಮಾರು 325 ರೂ. ಉಳಿತಾಯ ತಿಂಗಳಿಗೆ 1,965 ರೂ. ಎರಡು ಕಾರುಗಳ ಬೆಲೆಯ ಅಂತರ 2.5 ಲಕ್ಷ ರೂ. ಇದ್ದರೆ ಅದು ಮರಳಲು ಹತ್ತು ವರ್ಷ ದಾಟುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ ಸಿಗುವ ಖಾತರಿ 8 ವರ್ಷ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 18%ಕ್ಕೆ ಇಳಿದದ್ದರಿಂದ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ.

2. ಮನೆಯ ಸಂಪರ್ಕ

24 ಕಿಲೋವ್ಯಾಟ್-ಗಂಟೆಯ ಸಣ್ಣ ಬ್ಯಾಟರಿಯೂ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ತುಂಬಲು ಎಂಟೊಂಬತ್ತು ಗಂಟೆ ಬೇಕು. ಒಂದೆರಡು ಕಿಲೋವ್ಯಾಟ್ ಮಂಜೂರಾದ ಮನೆಯ ಸಂಪರ್ಕ ಇದಕ್ಕೆ ಸಾಲದು. ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನಿಂದ ಮಂಜೂರಾದ ಹೊರೆ ಹೆಚ್ಚಿಸಿಕೊಳ್ಳಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಪ್ರಶ್ನೆಯೂ ಇದೆ. ತಿಂಗಳಿಗೆ 70 ಯೂನಿಟ್ ಬಳಸುವ ಮನೆಯ ಕಾರು 1,000 ಕಿ.ಮೀ. ಓಡಿದರೆ ಒಟ್ಟು ಬಳಕೆ ಯೋಜನೆಯ ಮಿತಿಯಾದ 200 ಯೂನಿಟ್ ದಾಟಿ, ಆ ತಿಂಗಳ ಪೂರ್ಣ ಬಿಲ್ ಕಟ್ಟಬೇಕಾಗುತ್ತದೆ.

3. ಆಪತ್ಕಾಲ

ರಾತ್ರಿ ಕರೆಂಟು ಹೋಗಿ, ಬೆಳಗಿನ ಜಾವ ರೋಗಿಯನ್ನು ಹುಬ್ಬಳ್ಳಿಗೆ ಒಯ್ಯಬೇಕಾದಾಗ ಅರೆ ತುಂಬಿದ ಬ್ಯಾಟರಿಯನ್ನು ನಂಬುವುದು ಕಷ್ಟ. ಪೆಟ್ರೋಲ್ ಮುಗಿದ ಕಾರಿಗೆ ಬೈಕಿನಲ್ಲಿ ಹೋಗಿ ಇಂಧನ ತರಬಹುದು, ಇಲ್ಲವೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬಹುದು. ವಿದ್ಯುತ್ ಕಾರನ್ನು ಚಾಲಕ ಚಕ್ರಗಳು ನೆಲಕ್ಕೆ ತಾಗಿದಂತೆ ಎಳೆದರೆ ಮೋಟಾರಿಗೆ ಹಾನಿಯಾದೀತು. ಅದನ್ನು ವಾಹನದ ಮೇಲೇರಿಸಿಯೇ ಸಾಗಿಸಬೇಕು.

ಉಪಸಂಹಾರ

ಈ ತೊಡಕುಗಳಲ್ಲಿ ಹೆಚ್ಚಿನವು ಕಾರಿನ ಯಂತ್ರದಲ್ಲಿಲ್ಲ, ಊರಿಗೆ ಬರುವ ವಿದ್ಯುತ್ತಿನ ವ್ಯವಸ್ಥೆಯಲ್ಲಿವೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ವಿದ್ಯುತ್ ಉತ್ಪಾದಿಸುವ ಜಿಲ್ಲೆಗೆ ಈ ಕೊರತೆ ಸಲ್ಲದು. ಚಾರ್ಜಿಂಗಿಗೆ ಪ್ರತ್ಯೇಕ ದರ ವರ್ಗ ಈಗಾಗಲೇ ಇದೆ. ಹಳ್ಳಿಯ ಮನೆಗಳಿಗೆ ಆ ವರ್ಗದಲ್ಲಿ ಬೇರೆ ಮೀಟರು ಸುಲಭವಾಗಿ ಸಿಗುವಂತಾಗಲಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹಗಲಿರುಳು ನಡೆಯುವ ವೇಗದ ಚಾರ್ಜರುಗಳು ಬರಲಿ. ಅಲ್ಲಿಯವರೆಗೆ, ಒಂದೇ ಕಾರು ಇಟ್ಟುಕೊಳ್ಳಬಲ್ಲ, ಕಡಿಮೆ ಓಡಾಟದ ಗ್ರಾಮೀಣ ಕುಟುಂಬಕ್ಕೆ ಪೆಟ್ರೋಲ್ ಕಾರೇ ಹೆಚ್ಚು ಭರವಸೆಯದು.