ಮಳೆಮಾಪಕಗಳ ನಡುವಿನ ಮಳೆ

ಉಪಗ್ರಹಗಳು ಬಂದ ಮೇಲೆ ಮಳೆಮಾಪಕಕ್ಕೇನು ಕೆಲಸ ಎಂಬ ಮಾತು ಈಚೆಗೆ ವಿಚಾರಸಂಕಿರಣಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಪರದೆಯ ಮೇಲೆ ಇಡೀ ಪಶ್ಚಿಮ ಘಟ್ಟಕ್ಕೆ ಬಣ್ಣ ತುಂಬಿದ ನಕ್ಷೆ ಮೂಡಿದರೆ ಸಾಕು, ಅದರಲ್ಲಿ ಅಳೆದದ್ದೆಷ್ಟು, ಅಂದಾಜಿಸಿದ್ದೆಷ್ಟು ಎಂದು ಕೇಳುವವರು ವಿರಳ. ನಮ್ಮಲ್ಲಿ ಬಳಕೆಯಲ್ಲಿರುವ ಫೈಬರ್ ಮಳೆಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಅದರೊಳಗೆ ಬಿದ್ದ ನೀರಿನ ಲೆಕ್ಕವನ್ನು ಹತ್ತಾರು ಚದರ ಕಿ.ಮೀ.ಗೆ ಹರಡುತ್ತೇವೆ. ಈ ಹರಡುವಿಕೆ ಹೇಗೆ ನಡೆಯುತ್ತದೆ ಎಂಬುದರ ಮೇಲೆಯೇ ಅಣೆಕಟ್ಟಿನ ಒಳಹರಿವಿನ ಅಂದಾಜು, ಬೆಳೆ ವಿಮೆಯ ಪರಿಹಾರ ಎಲ್ಲವೂ ನಿಂತಿವೆ.

1911ರಲ್ಲಿ ಅಮೆರಿಕದ ಆಲ್ಫ್ರೆಡ್ ಥೀಸನ್ ಪ್ರತಿ ಮಾಪಕಕ್ಕೂ ಅದರ ಸುತ್ತಲಿನ ಸೀಮೆಯನ್ನು ಹಂಚಿಕೊಡುವ ವಿಧಾನವನ್ನು ಮುಂದಿಟ್ಟರು. ಎರಡು ಮಾಪಕಗಳ ನಡುವೆ ಗೆರೆ ಎಳೆದು, ಅದರ ಮಧ್ಯದಲ್ಲಿ ಲಂಬ ಹಾಕಿ, ಉಂಟಾದ ಬಹುಭುಜಗಳನ್ನು ಪ್ಲಾನಿಮೀಟರಿನಲ್ಲಿ ಅಳೆಯುವುದು. ಸಮವೃಷ್ಟಿ ರೇಖೆ ಬರೆಯುವವರದು ಬೇರೆ ದಾರಿ. ಘಟ್ಟದ ಪರಿಚಯವಿದ್ದ ಎಂಜಿನಿಯರ್ ಕೈಯಲ್ಲಿ ಆ ರೇಖೆ ಬೆಟ್ಟದ ಇಳಿಜಾರನ್ನು ಅನುಸರಿಸಿ ಬಾಗುತ್ತಿತ್ತು. ಆ ತಿಳಿವಳಿಕೆಯನ್ನು ಮುಂದೆ ಬಂದ ಎಷ್ಟೋ ತಂತ್ರಾಂಶಗಳು ಕಳೆದುಕೊಂಡವು.

1968ರಲ್ಲಿ ಡೊನಾಲ್ಡ್ ಶೆಪರ್ಡ್ ಹತ್ತಿರದ ಕೇಂದ್ರಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಡುವ ಸೂತ್ರ ಪ್ರಕಟಿಸಿದರು. ಮೂಲ ಲೇಖನದಲ್ಲಿ ದೂರದ ಜತೆಗೆ ದಿಕ್ಕಿನ ಲೆಕ್ಕವೂ ಇತ್ತು. ಇಂದು ಅದೇ ಬಗೆಯ ಹೆಸರಿನಲ್ಲಿ ನಮ್ಮ ಕೈಗೆ ಸಿಗುವುದು ಬಹುತೇಕ ದೂರದ ಲೆಕ್ಕವೊಂದೇ. ಆರ್ಕ್‌ಜಿಐಎಸ್‌ನಲ್ಲಿ ಘಾತ 2, ನೆರೆಯ ಕೇಂದ್ರಗಳು 12 ಎಂದು ಮೊದಲೇ ತುಂಬಿಟ್ಟಿರುತ್ತದೆ. ವಿದ್ಯಾರ್ಥಿ ಅದನ್ನು ಮುಟ್ಟದೆ ಗುಂಡಿ ಒತ್ತುತ್ತಾನೆ. ಕೊಳಕ್ಕೆ ಕಲ್ಲು ಬಿದ್ದಂತೆ ಪ್ರತಿ ಮಾಪಕದ ಸುತ್ತ ಉಂಗುರಗಳು ಏಳುತ್ತವೆ. ಆ 12ರಲ್ಲಿ ಘಟ್ಟದ ಆಚೆ ಬದಿಯ ಕೇಂದ್ರಗಳೂ ಸೇರಿರುತ್ತವೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ತಲೆಮಾರು ಕಲಿತದ್ದು ಕ್ರಿಗಿಂಗ್. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಡ್ಯಾನಿ ಕ್ರೀಗ್ 1951ರಲ್ಲಿ ಆರಂಭಿಸಿದ ಕೆಲಸಕ್ಕೆ ಫ್ರಾನ್ಸಿನ ಜಾರ್ಜ್ ಮ್ಯಾಥರಾನ್ ಅರವತ್ತರ ದಶಕದಲ್ಲಿ ಗಣಿತದ ಬುನಾದಿ ಹಾಕಿದರು. ಎರಡು ಜಾಗಗಳ ನಡುವಿನ ಅಂತರ ಹೆಚ್ಚಿದಂತೆ ಮಳೆಯ ವ್ಯತ್ಯಾಸ ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ದತ್ತಾಂಶದಿಂದಲೇ ಕಂಡುಕೊಳ್ಳಬೇಕು. ಆ ರೇಖೆಯೇ ವೇರಿಯೋಗ್ರಾಮ್. ಮುಂಗಾರಿನ ಜಡಿಮಳೆಯಲ್ಲಿ ಅದು ನಿಧಾನವಾಗಿ ಏರುತ್ತದೆ. ಏಪ್ರಿಲ್ ತಿಂಗಳ ಗುಡುಗುಮಳೆ ಒಂದು ಊರಿನ ಕೆರೆಗೆ ಸುರಿದು ಪಕ್ಕದ ಊರನ್ನು ಬಿಟ್ಟುಬಿಡುತ್ತದೆ. ಆಗ ರೇಖೆ ಕೆಲವೇ ಕಿಲೋಮೀಟರಿನಲ್ಲಿ ಕಡಿದಾಗಿ ಏರಿಬಿಡುತ್ತದೆ. ಎಡ್ಜರ್ ಪೆಬೆಸ್ಮಾ ಅವರ ಜಿಸ್ಟ್ಯಾಟ್ ತಂತ್ರಾಂಶ ಉಚಿತವಾಗಿ ದೊರೆತದ್ದರಿಂದ, ದುಬಾರಿ ಪರವಾನಗಿ ಕೊಳ್ಳಲಾಗದ ನಮ್ಮ ಕಾಲೇಜುಗಳಿಗೂ ಈ ವಿಧಾನ ತಲುಪಿತು. ಇದರ ಮುಖ್ಯ ಕೊಡುಗೆ ಅಂದಾಜಿನ ಜತೆಗೇ ಆ ಅಂದಾಜಿನ ದೋಷವನ್ನೂ ಕೊಡುವುದು. ದೋಷದ ನಕ್ಷೆಯನ್ನು ವರದಿಯಲ್ಲಿ ಅಚ್ಚುಹಾಕಿಸುವವರು ಮಾತ್ರ ಇಂದಿಗೂ ಅಪರೂಪ.

ಮುಂದಿನ ಹೆಜ್ಜೆಯಲ್ಲಿ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆವು. ಅಮೆರಿಕದಲ್ಲಿ ಕ್ರಿಸ್ಟೋಫರ್ ಡೇಲಿ 1994ರಲ್ಲಿ ಪ್ರಿಸಂ ಮಾದರಿಯನ್ನು ಪ್ರಕಟಿಸಿದ್ದರು. ಪೋರ್ಚುಗಲ್ಲಿನ ಆಲ್ಗಾರ್ವ್‌ನ 36 ಕೇಂದ್ರಗಳ ಮೇಲೆ ಪಿಯರ್ ಹೂವರ್ಟ್ಸ್ ನಡೆಸಿದ ಅಧ್ಯಯನ 2000ದಲ್ಲಿ ಬಂತು. ಎತ್ತರ ಹೆಚ್ಚಿದರೆ ಮಳೆ ಹೆಚ್ಚು ಎಂಬ ಆ ಸಂಬಂಧವನ್ನು ಹಾಗೆಯೇ ಇಲ್ಲಿಗೆ ತಂದರೆ ಕೆಲಸ ಕೆಡುತ್ತದೆ. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ, ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ. ಚಿಕ್ಕಮಗಳೂರು ಪಟ್ಟಣ 1000 ಮೀಟರಿಗಿಂತ ಮೇಲಿದ್ದರೂ ಅಲ್ಲಿನ ಮಳೆ ಅದರ ಒಂದು ಸಣ್ಣ ಪಾಲು. ಇಲ್ಲಿ ಎತ್ತರಕ್ಕಿಂತ ಮುಖ್ಯವಾದದ್ದು ಇಳಿಜಾರು ಅರಬ್ಬೀ ಸಮುದ್ರದ ಗಾಳಿಗೆ ಮುಖ ಮಾಡಿದೆಯೇ, ಘಟ್ಟದ ನೆತ್ತಿಯಿಂದ ಎಷ್ಟು ದೂರವಿದೆ ಎಂಬುದು.

ಭಾರತದ ಮಟ್ಟಿಗೆ ದೊಡ್ಡ ಕೆಲಸ ಹವಾಮಾನ ಇಲಾಖೆಯದು. 2006ರಲ್ಲಿ ರಾಜೀವನ್ ಮತ್ತು ಸಂಗಡಿಗರು 1803 ಕೇಂದ್ರಗಳಿಂದ ಒಂದು ಡಿಗ್ರಿ ಚೌಕಗಳ ದತ್ತಾಂಶ ಕೊಟ್ಟರು. 2014ರಲ್ಲಿ ಪೈ ಮತ್ತು ಸಂಗಡಿಗರು 6955 ಕೇಂದ್ರಗಳಿಂದ ಅದನ್ನು ಕಾಲು ಡಿಗ್ರಿಗೆ ಇಳಿಸಿದರು. ಎರಡಕ್ಕೂ ಆಧಾರ ಶೆಪರ್ಡ್ ವಿಧಾನ. ಆದರೆ ಎಲ್ಲ ಕೇಂದ್ರಗಳೂ ಎಲ್ಲ ವರ್ಷಗಳಲ್ಲಿ ವರದಿ ಮಾಡಿಲ್ಲ. ಕೇಂದ್ರಗಳ ಏರಿಳಿತವನ್ನು ಮರೆತು ಆ ಚೌಕಗಳಲ್ಲಿ ಮಳೆಯ ಬದಲಾವಣೆ ಹುಡುಕುವ ಪ್ರಬಂಧಗಳ ತೀರ್ಮಾನವನ್ನು ನಾನು ಸುಲಭಕ್ಕೆ ಒಪ್ಪಲಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಟೆಲಿಮೆಟ್ರಿಕ್ ಮಾಪಕ ಒಯ್ದದ್ದು ಈ ದೃಷ್ಟಿಯಿಂದ ಬಹುದೊಡ್ಡ ಸಾಧನೆ. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಇನ್ನು ಉಪಗ್ರಹ. 2014ರಲ್ಲಿ ಹಾರಿದ ಜಿಪಿಎಂ ಸಮುದ್ರದ ಮೇಲಿನ ಮಳೆಗೆ ವರದಾನ. ಘಟ್ಟದಲ್ಲಿ ತಗ್ಗಿನ ಮೋಡಗಳಿಂದಲೇ ಜೋರಾಗಿ ಸುರಿಯುವ ಮಳೆಯನ್ನು ಉಪಗ್ರಹದ ಅಂದಾಜುಗಳು ಕಡಿಮೆ ತೋರಿಸುವುದು ಗೊತ್ತಿರುವ ಸಂಗತಿ. ತಿದ್ದಲು ಮತ್ತೆ ನೆಲದ ಮಾಪಕವೇ ಬೇಕು. ಯಂತ್ರಕಲಿಕೆಗೂ ಪಾಠ ಹೇಳುವುದು ಅದೇ ಮಾಪಕ.

ನಮ್ಮ ಮಾಪಕಗಳಿರುವುದು ಜನ ಇರುವಲ್ಲಿ: ಪಂಚಾಯಿತಿ ಕಟ್ಟಡ, ಶಾಲೆಯ ಬಯಲು, ತೋಟದ ಮಗ್ಗುಲು. ಒಂದು ಕೇಂದ್ರವನ್ನು ಬದಿಗಿಟ್ಟು ಉಳಿದವುಗಳಿಂದ ಅದರ ಮಳೆಯನ್ನು ಅಂದಾಜಿಸಿ ತಾಳೆ ನೋಡುವುದು ನಮ್ಮ ವಾಡಿಕೆಯ ಪರೀಕ್ಷೆ. ಊರುಗಳ ನಡುವೆ ತಾಳೆಯಾದ ಮಾತ್ರಕ್ಕೆ, ಮಾಪಕವೇ ಇಲ್ಲದ ಶೋಲಾ ಕಾಡಿನ ನೆತ್ತಿಯಲ್ಲಿಯೂ ಲೆಕ್ಕ ಸರಿಯಿದೆ ಎನ್ನಲಾಗದು. ಲಿಂಗನಮಕ್ಕಿಯ ಜಲಾನಯನ ಸುಮಾರು 2000 ಚದರ ಕಿ.ಮೀ. ಸರಾಸರಿ ಮಳೆಯಲ್ಲಿ ಬರೀ 10 ಮಿ.ಮೀ. ತಪ್ಪಿದರೂ 2 ಕೋಟಿ ಘನ ಮೀಟರ್, ಅಂದರೆ ಸುಮಾರು 0.7 ಟಿಎಂಸಿ ನೀರಿನ ವ್ಯತ್ಯಾಸ. ಮುಂಗಾರಿನ ಒಂದೇ ದಿನದಲ್ಲಿ ಅಷ್ಟು ತಪ್ಪು ಆಗಬಹುದು. ನೆತ್ತಿಯ ಸಾಲಿನಲ್ಲಿ ಮಾಪಕಗಳನ್ನು ಇಡುವುದು, ಪ್ರತಿ ನಕ್ಷೆಯ ಜತೆಗೆ ಕೇಂದ್ರಗಳ ಸಂಖ್ಯೆಯನ್ನೂ ದೋಷದ ನಕ್ಷೆಯನ್ನೂ ಪ್ರಕಟಿಸುವುದು: ಇವೆರಡಕ್ಕೂ ಹೊಸ ತಂತ್ರಾಂಶ ಬೇಕಿಲ್ಲ.