ಮಲೆನಾಡಿನ ‘ಎಂತ’: ಒಂದು ಪ್ರಶ್ನಾರ್ಥಕ ಪದದ ಅರ್ಥಚರಿತ್ರೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಆಡುಮಾತಿನಲ್ಲಿ ಗ್ರಾಂಥಿಕ ಕನ್ನಡದ ‘ಏನು’ ನಿಲ್ಲಬೇಕಾದ ಕಡೆಯಲ್ಲೆಲ್ಲ ಬಹುಮಟ್ಟಿಗೆ ‘ಎಂತ’ ನಿಲ್ಲುತ್ತದೆ. ಬಯಲುಸೀಮೆಯ ಕಿವಿಗೆ ಇದು ‘ಎಂಥ’ ಎಂಬುದರ ಸಡಿಲ ಉಚ್ಚಾರದಂತೆ ಕೇಳಿಸಬಹುದಾದರೂ, ಹಳಗನ್ನಡದ ರೂಪಗಳೊಡನೆ ಇಟ್ಟು ನೋಡಿದರೆ ಇದರ ಹಲವು ಅರ್ಥಗಳು ಒಂದರಿಂದೊಂದು ಕವಲೊಡೆದ ಕ್ರಮ ಕಾಣುತ್ತದೆ.

ಹಳಗನ್ನಡದಲ್ಲಿ ‘ಅಂತು’, ‘ಇಂತು’, ‘ಎಂತು’ ಎಂಬ ಮೂರು ರೀತಿವಾಚಕಗಳು, ಅಂದರೆ ಕ್ರಿಯೆ ನಡೆಯುವ ಬಗೆಯನ್ನು ತಿಳಿಸುವ ಅವ್ಯಯಗಳು, ಕ್ರಮವಾಗಿ ‘ಹಾಗೆ’, ‘ಹೀಗೆ’, ‘ಹೇಗೆ’ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕೂಡ ‘ಎಂತು’ ಪದಕ್ಕೆ ಈ ಅರ್ಥವನ್ನೇ ಕೊಡುತ್ತದೆ. ಇದಕ್ಕೆ ‘ಆಗುವ’ ಎಂಬರ್ಥದ ‘ಅಪ್ಪ’ ಸೇರಿ ‘ಎಂತಪ್ಪ’ ಎಂದಾಗಿ, ಪಕಾರ ಹಕಾರವಾಗಿ ‘ಎಂತಹ’, ಅದು ಕುಗ್ಗಿ ‘ಎಂಥ’ ಆಯಿತು. ರೀತಿಯನ್ನು ಕೇಳುತ್ತಿದ್ದ ಪದ ಹೀಗೆ ಗುಣವನ್ನು ಕೇಳತೊಡಗಿತು. ‘ಎಂತಹುದು’, ಅಂದರೆ ‘ಯಾವ ಬಗೆಯದು’, ಎಂಬ ಪ್ರಶ್ನೆ ‘ಎಂತದು’ ಎಂದು ಸವೆಯುವಾಗ ಬಗೆಯ ಸೂಚನೆಯೂ ಸವೆದು, ವಸ್ತುವನ್ನಷ್ಟೇ ಕೇಳುವ ‘ಎಂತ’ ಉಳಿಯಿತೆಂದು ಊಹಿಸಬಹುದು. ಮಲಯಾಳದ ‘ಎಂತು’ ಪದಕ್ಕೂ ‘ಏನು’ ಎಂದೇ ಅರ್ಥವಿದ್ದರೆ ತುಳುವಿನ ‘ಎಂಚ’ ‘ಹೇಗೆ’ ಎಂಬುದನ್ನು ಸೂಚಿಸುತ್ತದೆ. ಆದರೆ ‘ಎ’ಕಾರದ ಪ್ರಶ್ನಾಮೂಲ ದ್ರಾವಿಡ ಭಾಷೆಗಳಿಗೆ ಸಮಾನವಾದುದರಿಂದ, ಈ ಹೋಲಿಕೆಯಿಂದಲೇ ‘ಎಂತ’ ಎರವಲೆಂದು ತೀರ್ಮಾನಿಸಲಾಗದು.

ಈ ಪದ ಘಟ್ಟದ ಮೇಲಷ್ಟೇ ಇಲ್ಲ. ಕುಂದಾಪುರದ ಕನ್ನಡದಲ್ಲಿಯೂ ಇದೆ, ಕಾಸರಗೋಡಿನ ಹವ್ಯಕರಲ್ಲಿ ‘ಎಂತರ’ ಎಂಬ ರೂಪದಲ್ಲಿಯೂ ಇದೆ. ಆಗುಂಬೆ ಮತ್ತು ಹುಲಿಕಲ್ ಘಾಟಿಗಳು ಮಲೆನಾಡನ್ನು ಕರಾವಳಿಗೆ ಜೋಡಿಸಿದ್ದು, ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳಿಂದಲೂ ಹೊಸನಗರದ ಬಿದನೂರಿನಿಂದಲೂ ಆಳಿದ ಕೆಳದಿ ನಾಯಕರ ರಾಜ್ಯ 1763ರಲ್ಲಿ ಹೈದರಾಲಿಗೆ ವಶವಾಗುವವರೆಗೆ ಬಸರೂರಿನಂಥ ಬಂದರುಗಳನ್ನೂ ಒಳಗೊಂಡಿತ್ತು ಎಂಬುದನ್ನು ನೆನೆದರೆ, ಘಟ್ಟದ ಎರಡೂ ಬದಿಯ ಈ ಸಮಾನತೆ ಅಚ್ಚರಿಯದಲ್ಲ.

ಇಂದಿನ ಬಳಕೆಯಲ್ಲಿ ‘ಎಂತ ಮಾಡ್ತಿದೀಯ?’ ಎಂಬಲ್ಲಿ ವಸ್ತುಪ್ರಶ್ನೆಯಿದ್ದರೆ, ಚತುರ್ಥಿ ವಿಭಕ್ತಿ ಸೇರಿದ ‘ಎಂತಕ್ಕೆ’ ಕಾರಣವನ್ನು ಕೇಳುತ್ತದೆ. ಕರೆದವರಿಗೆ ಕೊಡುವ ‘ಎಂತ?’ ಓಗೊಡುವ ಮಾತಾದರೆ, ಕೊನೆಯ ಸ್ವರ ಎಳೆದ ‘ಎಂತಾ?’ ಕೇಳಿಸಲಿಲ್ಲವೆಂಬ ಸೂಚನೆಯಾಗಬಹುದು. ‘ಎಂತದೋ’ ಎಂಬುದು ಅನಿಶ್ಚಿತ ವಸ್ತುವಿಗೂ, ಹವ್ಯಕರ ‘ಎಂತೂ ಇಲ್ಲೆ’ ಪೂರ್ಣ ನಿಷೇಧಕ್ಕೂ ಸಲ್ಲುತ್ತವೆ. ‘ಎಂತ ಮಣ್ಣೂ ಇಲ್ಲ’ ಎಂಬಲ್ಲಿ ತಾತ್ಸಾರವೂ ‘ಎಂತ ಸಾವು ಮಾರಾಯ’ ಎಂಬಲ್ಲಿ ಬೇಸರವೂ ಇದ್ದು, ಇಲ್ಲಿ ಪ್ರಶ್ನೆಗೆ ಉತ್ತರದ ನಿರೀಕ್ಷೆಯೇ ಇರುವುದಿಲ್ಲ. ‘ಮಹಾರಾಯ’ ಎಂಬ ಗೌರವಪದವೇ ಸವೆದು ‘ಮಾರಾಯ’ ಎಂಬ ಸಲಿಗೆಯ ಸಂಬೋಧನೆಯಾದುದರಿಂದ, ಈ ನುಡಿಯ ‘ಎಂತ’, ‘ಮಾರಾಯ’ ಎರಡೂ ತಮ್ಮ ಮೂಲಾರ್ಥವನ್ನು ಕಳಚಿಕೊಂಡಂಥವು.

‘ಅಂತು’ ಮತ್ತು ‘ಇಂತು’ ಕನ್ನಡನಾಡಿನ ಆಡುಮಾತಿನಲ್ಲಿ ಇಂದು ‘ಅಂತೂ ಇಂತೂ’ ಎಂಬ ಹೆಪ್ಪುಗಟ್ಟಿದ ನುಡಿಗಟ್ಟಿನಲ್ಲಿ ಮುಖ್ಯವಾಗಿ ಉಳಿದಿರುವಾಗ, ಅವುಗಳ ಒಡಹುಟ್ಟು ಮಾತ್ರ ಮಲೆನಾಡಿನಲ್ಲಿ ವಿಭಕ್ತಿಗಳನ್ನು ತಳೆದು, ರಾಗಕ್ಕೆ ತಕ್ಕ ಅರ್ಥ ಪಡೆದು ಬಾಳುತ್ತಿದೆ.