ಪೇತ್ರನ ನಿರಾಕರಣೆ ಮತ್ತು ಪುನಃಸ್ಥಾಪನೆ

ಯೇಸುಕ್ರಿಸ್ತನ ಪ್ರಮುಖ ಶಿಷ್ಯ ಪೇತ್ರನು ಗುರುವನ್ನು ಅರಿಯೆನೆಂದು ಹೇಳಿ, ಪಶ್ಚಾತ್ತಾಪಪಟ್ಟು, ಮರಳಿ ಸೇವೆಗೆ ನೇಮಕಗೊಂಡ ಪ್ರಸಂಗ. ಸೋಲಿನ ಬಳಿಕ ದೊರೆಯುವ ಆತ್ಮಿಕ ನವಜೀವನಕ್ಕೆ ಕ್ರೈಸ್ತ ಪರಂಪರೆ ಕೊಡುವ ಮುಖ್ಯ ನಿದರ್ಶನಗಳಲ್ಲೊಂದು.

ನಿರಾಕರಣೆಯ ವೃತ್ತಾಂತ ನಾಲ್ಕೂ ಸುವಾರ್ತೆಗಳಲ್ಲಿದೆ. ಯೇಸುವಿನ ಬಂಧನದ ರಾತ್ರಿ ಮಹಾಯಾಜಕನ ಅಂಗಳದಲ್ಲಿದ್ದ ಪೇತ್ರನನ್ನು ದಾಸಿಯೊಬ್ಬಳು ಗುರುತಿಸುತ್ತಾಳೆ. ತನಗೂ ಯೇಸುವಿಗೂ ಸಂಬಂಧವಿಲ್ಲವೆಂದು ಅವನು ಮೂರು ಬಾರಿ ಹೇಳುತ್ತಾನೆ. ಆಗ ಕೋಳಿ ಕೂಗುತ್ತದೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಅವನು ಅಳುತ್ತಾನೆ.

ಪುನಃಸ್ಥಾಪನೆಯ ಸಂಭಾಷಣೆ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಮಾತ್ರ ಬರುತ್ತದೆ. ಗಲಿಲಾಯ ಸರೋವರದ ದಡದಲ್ಲಿ ಪುನರುತ್ಥಾನಗೊಂಡ ಯೇಸು ಶಿಷ್ಯರಿಗೆ ಮೀನು, ರೊಟ್ಟಿ ಬಡಿಸಿದ ಮೇಲೆ, ತನ್ನನ್ನು ಪ್ರೀತಿಸುವೆಯಾ ಎಂದು ಪೇತ್ರನನ್ನು ಮೂರು ಸಲ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಹೊಣೆ ಒಪ್ಪಿಸುತ್ತಾನೆ. ಮೂರು ನಿರಾಕರಣೆಗಳಿಗೆ ಮೂರು ಪ್ರಶ್ನೆಗಳು ಸರಿಸಾಟಿಯೆಂದು ವ್ಯಾಖ್ಯಾನಕಾರರು ಗುರುತಿಸುತ್ತಾರೆ. ಈ ಸುವಾರ್ತೆಯಲ್ಲಿ ಅಂಗಳದಲ್ಲೂ ದಡದಲ್ಲೂ ಇದ್ದಲಿನ ಬೆಂಕಿ ಉರಿಯುತ್ತಿರುತ್ತದೆ. ಇಲ್ಲಿ ಕ್ಷಮೆಯೆಂದರೆ ತಪ್ಪನ್ನು ಮರೆಯುವುದಷ್ಟೇ ಅಲ್ಲ, ಹೊಸ ಜವಾಬ್ದಾರಿಯೂ ಹೌದು.

ಪೇತ್ರನಂತೆ ನಂಬಿಕೆಯಲ್ಲಿ ಸೋತವರನ್ನು ಸಭೆಗೆ ಮರಳಿ ಸೇರಿಸಬಹುದೇ ಎಂಬ ಪ್ರಶ್ನೆ ರೋಮ್ ಚಕ್ರವರ್ತಿ ಡೀಸಿಯಸ್ ಕ್ರೈಸ್ತರ ಮೇಲೆ ನಡೆಸಿದ ಹಿಂಸೆಯ (ಕ್ರಿ.ಶ. 250–251) ತರುವಾಯ ತೀವ್ರವಾಯಿತು. ಬೆದರಿಕೆಗೆ ಮಣಿದು ದೇವತೆಗಳಿಗೆ ಬಲಿ ಅರ್ಪಿಸಿದವರನ್ನು ಸಭೆ ಮತ್ತೆ ಸ್ವೀಕರಿಸಬಾರದೆಂದು ರೋಮಿನ ಪಾದ್ರಿ ನೋವೇಷಿಯನ್ ವಾದಿಸಿದ. ಪ್ರಾಯಶ್ಚಿತ್ತದ ಅನಂತರ ಸೇರಿಸಿಕೊಳ್ಳಬಹುದೆಂಬ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ರೋಮಿನ ಬಿಷಪ್ ಕಾರ್ನೀಲಿಯಸರ ನಿಲುವೇ ನೆಲೆನಿಂತಿತು.

ಪೇತ್ರನ ಪುನಃಸ್ಥಾಪನೆ ನಡೆದ ಸ್ಥಳವೆಂದು ನಂಬಲಾಗಿರುವ, ಗಲಿಲಾಯ ಸರೋವರದ ದಡದ ತಾಬ್ಘಾದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1933ರಲ್ಲಿ ಕಟ್ಟಿದ ಚರ್ಚ್ ಇದೆ.